ಕಪ್ಪು ಕಾರಿನ ಕಾಂತಿ: ಮನೆಯಂಗಳದ ಆರೈಕೆಗೆ ಮೊದಲ ಪಾಠಗಳು

ತೊಳೆದು ಒರೆಸಿ ನಿಲ್ಲಿಸಿದ ಹೊಸ ಕಪ್ಪು ಕಾರು ಕಣ್ಣಿಗೆ ಹಬ್ಬ. ಅದೇ ಕಾರನ್ನು ವರ್ಷವೊಂದು ಕಳೆದ ಬಳಿಕ ಬೆಳಗಿನ ಬಿಸಿಲಿನಲ್ಲಿ ನೋಡಿದರೆ ಬಾನೆಟ್ಟಿನ ಮೇಲೆಲ್ಲ ಜೇಡರ ಬಲೆ ಹರಡಿದಂತೆ ನಸುಬಿಳಿಯ ಗೀರುಗಳು ಎದ್ದು ಕಾಣುತ್ತವೆ. ಮಾಲೀಕರು ರಸ್ತೆಯ ಧೂಳನ್ನು ದೂರುತ್ತಾರೆ, ಬಿಸಿಲನ್ನು ದೂರುತ್ತಾರೆ, ಕಾರು ತಯಾರಿಸಿದ ಕಂಪೆನಿಯನ್ನೂ ದೂರುತ್ತಾರೆ. ವಾಸ್ತವದಲ್ಲಿ ಆ ಗೀರುಗಳ ಬಹುಪಾಲು ಬೀಳುವುದು ಮನೆಯ ಅಂಗಳದಲ್ಲೇ. ದಿನವೂ ಪ್ರೀತಿಯಿಂದ ಕಾರನ್ನು ಒರೆಸುವ ಕೈಯಿಂದಲೇ.

ತಗ್ಗಾದ ಮೈ, ಅಗಲವಾದ ಚಕ್ರಗಳುಳ್ಳ ಸ್ಪೋರ್ಟ್ಸ್ ಕಾರುಗಳು ಈಗ ನಮ್ಮ ಕಾಸರಗೋಡಿನ ಹೆದ್ದಾರಿಯಲ್ಲೂ ಆಗೊಮ್ಮೆ ಈಗೊಮ್ಮೆ ಕಾಣಸಿಗುತ್ತವೆ. ಕೊಲ್ಲಿ ರಾಷ್ಟ್ರಗಳಲ್ಲಿ ದುಡಿದು ಬಂದವರು ಕೊಂಡವು ಕೆಲವು. ಇನ್ನೊಬ್ಬರು ಓಡಿಸಿದ ಕಾರನ್ನು ಸಾಲ ಮಾಡಿ ಕೊಂಡ ತರುಣರವು ಕೆಲವು. ಯಾವುದೇ ಇರಲಿ, ಮನೆಯನ್ನು ಬಿಟ್ಟರೆ ಆ ಕುಟುಂಬದ ಅತಿ ದೊಡ್ಡ ಖರ್ಚು ಅದೇ ಆಗಿರುವುದುಂಟು. ಅದರ ಬಣ್ಣ ಒಮ್ಮೆ ಕೆಟ್ಟರೆ ಮತ್ತೆ ಬಣ್ಣ ಹೊಡೆಸುವುದಕ್ಕೆ ತಗಲುವ ಹಣ ಸಣ್ಣದಲ್ಲ. ಮಾರುವಾಗ ದೊರೆಯುವ ಬೆಲೆಯೂ ಇಳಿಯುತ್ತದೆ. ಕಾರಿನ ಆರೈಕೆಯ ಸಾಮಗ್ರಿಗಳೇನೋ ಅಂಗಡಿಯಲ್ಲಿ ಧಾರಾಳವಾಗಿ ಸಿಗುತ್ತವೆ. ಆದರೆ ಬಾಟಲಿಗಳ ಮೇಲಿನ ಸೂಚನೆಗಳೆಲ್ಲ ಇಂಗ್ಲಿಷಿನಲ್ಲಿರುವುದರಿಂದ ಯಾವುದನ್ನು ಯಾತಕ್ಕೆ ಬಳಸಬೇಕೆಂಬುದು ಅನೇಕರಿಗೆ ಸ್ಪಷ್ಟವಾಗಿರುವುದಿಲ್ಲ. ಮನೆಯಲ್ಲೇ ಈ ಕೆಲಸವನ್ನು ಮೊದಲ ಬಾರಿಗೆ ಕೈಗೆತ್ತಿಕೊಳ್ಳುವವರಿಗಾಗಿ ಈ ಲೇಖನ. ಇಲ್ಲಿ ಹೇಳಿದುದು ಅಪ್ಪನ ಸಣ್ಣ ಕಪ್ಪು ಕಾರಿಗೂ ಅಣ್ಣನ ಕಪ್ಪು ಬೈಕಿಗೂ ಅನ್ವಯಿಸುತ್ತದೆ.

ಕಪ್ಪು ಬಣ್ಣದ ಹಿನ್ನೆಲೆ

ಮೋಟಾರು ವಾಹನಕ್ಕೂ ಕಪ್ಪು ಬಣ್ಣಕ್ಕೂ ಹಳೆಯ ನಂಟು. ಅಮೆರಿಕದ ಹೆನ್ರಿ ಫೋರ್ಡ್ ಅವರ ಕಂಪೆನಿ 1908ರಲ್ಲಿ ಹೊರತಂದ ಮಾಡೆಲ್ ಟಿ ಕಾರು ಆರಂಭದಲ್ಲಿ ಬೇರೆ ಬೇರೆ ಬಣ್ಣಗಳಲ್ಲಿ ದೊರೆಯುತ್ತಿತ್ತು. 1914ರಿಂದ 1925ರವರೆಗೆ ಮಾತ್ರ ಕಪ್ಪು ಒಂದರಲ್ಲೇ ತಯಾರಾಯಿತು. ಡಾಮರಿನ ಜಾತಿಯ ವಸ್ತು ಬೆರೆತ ಆ ಕಪ್ಪು ಎನಾಮಲ್ ಅಗ್ಗವೂ ಬಾಳಿಕೆಯುಳ್ಳದ್ದೂ ಆಗಿತ್ತು. 1923ರ ಸುಮಾರಿಗೆ ಡ್ಯೂಪಾಂಟ್ ಕಂಪೆನಿ ಬೇಗನೆ ಒಣಗುವ, ನಾನಾ ಬಣ್ಣಗಳಲ್ಲಿ ದೊರೆಯುವ ‘ಡ್ಯೂಕೊ’ ಎಂಬ ಹೊಸ ಲೇಪವನ್ನು ತಂದಿತು. ಆ ಹೆಸರು ನಮ್ಮ ಗ್ಯಾರೇಜುಗಳಲ್ಲಿ ಇಂದಿಗೂ ಉಳಿದಿದೆ. ಕಾರಿಗೆ ಬಣ್ಣ ಹೊಡೆಸುವುದನ್ನು ಡ್ಯೂಕೊ ಮಾಡಿಸುವುದೆಂದೇ ಹೇಳುವವರಿದ್ದಾರೆ.

ಇಂದಿನ ಕಾರಿನ ಬಣ್ಣ ಹಲವು ಪದರಗಳದ್ದು. ಲೋಹದ ತಗಡಿನ ಮೇಲೆ ತುಕ್ಕು ತಡೆಯುವ ಲೇಪ, ಅದರ ಮೇಲೆ ಪ್ರೈಮರ್, ಅನಂತರ ಬಣ್ಣದ ಪದರ, ಎಲ್ಲಕ್ಕೂ ಮೇಲೆ ಗಾಜಿನಂತೆ ಪಾರದರ್ಶಕವಾದ ‘ಕ್ಲಿಯರ್ ಕೋಟ್’. ಇವೆಲ್ಲ ಸೇರಿದರೂ ಒಟ್ಟು ದಪ್ಪ ಸಾಮಾನ್ಯವಾಗಿ 100ರಿಂದ 150 ಮೈಕ್ರಾನ್. ಒಂದು ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲು. ನಾವು ಬರೆಯುವ ಹಾಳೆಯ ದಪ್ಪ ಸುಮಾರು 100 ಮೈಕ್ರಾನ್. ಹೊಳಪೆಲ್ಲ ನೆಲೆಸಿರುವ ಕ್ಲಿಯರ್ ಕೋಟ್ ಹೆಚ್ಚಿನ ಕಾರುಗಳಲ್ಲಿ ಸುಮಾರು 35ರಿಂದ 50 ಮೈಕ್ರಾನ್, ಅಂದರೆ ಹಾಳೆಯ ಅರ್ಧ ದಪ್ಪವೂ ಇಲ್ಲವೆಂದೇ ಹೇಳಬೇಕು. ಗಾಯ ಮಾಯ್ದು ಚರ್ಮ ಬೆಳೆಯುವಂತೆ ಈ ಪದರ ಮತ್ತೆ ಬೆಳೆಯುವುದಿಲ್ಲ. ಕಾರಿನ ಆರೈಕೆಯ ಎಲ್ಲ ನಿಯಮಗಳೂ ಈ ಒಂದು ಸಂಗತಿಯಿಂದ ಹುಟ್ಟಿದವು.

ಗೀರು ಕಪ್ಪಿನಲ್ಲೇ ಏಕೆ ಕಾಣುತ್ತದೆ?

ಬಿಳಿಯ ಕಾರಿನ ಮೇಲೂ ಇಷ್ಟೇ ಗೀರುಗಳಿರುತ್ತವೆ, ಆದರೆ ಕಾಣುವುದಿಲ್ಲ. ಕಾರಣವನ್ನು ಶಾಲೆಯ ಕರಿಹಲಗೆಯೇ ಹೇಳುತ್ತದೆ. ಸೀಮೆಸುಣ್ಣದಿಂದ ಬಿಳಿಗೋಡೆಯ ಮೇಲೆ ಬರೆದರೆ ಓದಲಾಗದು. ಕರಿಹಲಗೆಯ ಮೇಲೆ ಬರೆದರೆ ಕೊನೆಯ ಬೆಂಚಿನವರಿಗೂ ಕಾಣುತ್ತದೆ. ಗೀರಿನ ಅಂಚು ಬೆಳಕನ್ನು ಚದುರಿಸುತ್ತದೆ. ಬಿಳಿಯ ಬಣ್ಣ ತಾನೇ ಬೆಳಕನ್ನೆಲ್ಲ ಹಿಂದಿರುಗಿಸುವುದರಿಂದ ಆ ಅಲ್ಪ ಬೆಳಕು ಅದರಲ್ಲಿ ಲೀನವಾಗುತ್ತದೆ. ಕಪ್ಪು ಬಣ್ಣವಾದರೋ ಬೆಳಕನ್ನು ನುಂಗಿಬಿಡುವುದರಿಂದ ಗೀರಿನ ಬೆಳಕೊಂದೇ ಉಳಿದು ಎದ್ದು ತೋರುತ್ತದೆ.

ಇನ್ನೊಂದು ಪ್ರಯೋಗವನ್ನು ಮಕ್ಕಳೇ ಮಾಡಿ ನೋಡಬಹುದು. ಬಹುಕಾಲ ಬಳಸಿದ ಸ್ಟೀಲಿನ ತಟ್ಟೆಯನ್ನು ಬಲ್ಬಿನ ಕೆಳಗೆ ಹಿಡಿದರೆ ಬಲ್ಬಿನ ಪ್ರತಿಬಿಂಬದ ಸುತ್ತ ವೃತ್ತಾಕಾರದ ಗೀರುಗಳು ಕಾಣುತ್ತವೆ. ತಟ್ಟೆಯನ್ನು ಸರಿಸಿದರೆ ವೃತ್ತವೂ ಪ್ರತಿಬಿಂಬದೊಡನೆ ಸರಿಯುತ್ತದೆ. ಗೀರುಗಳು ನಿಜವಾಗಿ ಎಲ್ಲ ದಿಕ್ಕಿಗೂ ಬಿದ್ದಿರುತ್ತವೆ. ಅವುಗಳಲ್ಲಿ ಪ್ರತಿಬಿಂಬವನ್ನು ಸುತ್ತುವ ದಿಕ್ಕಿನಲ್ಲಿರುವವು ಮಾತ್ರ ಬೆಳಕನ್ನು ನಮ್ಮ ಕಣ್ಣಿಗೆ ಕಳುಹಿಸುತ್ತವೆ. ಕಾರಿನ ಮೇಲಿನ ‘ಜೇಡರ ಬಲೆ’ಯೂ ಇದೇ. ಅದನ್ನು ನೋಡಿ ಯಾರೋ ವೃತ್ತಾಕಾರವಾಗಿ ಉಜ್ಜಿದ್ದಾರೆಂದು ತಿಳಿಯಬೇಕಾಗಿಲ್ಲ.

ಗೀರುವ ವಸ್ತು ಯಾವುದು? ನಮ್ಮ ಮುರಕಲ್ಲಿನ ನಾಡಿನ ಕೆಂಪು ಧೂಳಿನಲ್ಲಿ ಬೆಣಚುಕಲ್ಲಿನ ಸೂಕ್ಷ್ಮ ಕಣಗಳೂ ಬೆರೆತಿರುತ್ತವೆ. ಗಡಸುತನವನ್ನು ಅಳೆಯುವ ಮೋಸ್ ಮಾಪಕದಲ್ಲಿ ಬೆಣಚುಕಲ್ಲಿಗೆ 7ನೆಯ ಸ್ಥಾನ. ಅದು ಕಿಟಕಿಯ ಗಾಜನ್ನೂ ಗೀರಬಲ್ಲದು. ಅಂತಹ ಕಣಗಳು ಕುಳಿತ ಬಾನೆಟ್ಟಿನ ಮೇಲೆ ಒಣಬಟ್ಟೆಯನ್ನು ಎಳೆಯುವುದೆಂದರೆ ಮರಳುಕಾಗದದಿಂದ ಉಜ್ಜಿದಂತೆಯೇ ಸರಿ.

ಮೊದಲು ಬಿಡಬೇಕಾದ ಅಭ್ಯಾಸಗಳು

ಹೊಸ ಸಾಮಗ್ರಿ ಕೊಳ್ಳುವುದಕ್ಕಿಂತ ಮುಂಚೆ ಕೆಲವು ಹಳೆಯ ರೂಢಿಗಳನ್ನು ಕೈಬಿಡುವುದು ಲೇಸು. ಬೆಳಗ್ಗೆ ಎದ್ದೊಡನೆ ಹಳದಿ ಬಟ್ಟೆಯಿಂದಲೋ ಬ್ರಶ್ಶಿನಿಂದಲೋ ಒಣಧೂಳನ್ನು ಒರೆಸುವುದು ಇವುಗಳಲ್ಲಿ ಎಲ್ಲಕ್ಕಿಂತ ಕೆಟ್ಟದ್ದು. ಧೂಳಿನಿಂದ ಕೂಡಿದ ಕಾರು ನೋಡಲು ಚೆನ್ನಾಗಿರದು ನಿಜ. ಆದರೆ ಸುಮ್ಮನೆ ಕುಳಿತ ಧೂಳಿನಿಂದ ಗೀರು ಬೀಳುವುದಿಲ್ಲ. ತೊಳೆಯಲು ಬಿಡುವಾಗುವ ತನಕ ಅದನ್ನು ಮುಟ್ಟದೆ ಬಿಡಬಹುದು.

ಬಟ್ಟೆ ಒಗೆಯುವ ಪುಡಿಯನ್ನು ಕಾರಿಗೆ ಬಳಸಬಾರದು. ಅದು ಕ್ಷಾರೀಯ, ಅದರ ಕರಗದ ಹರಳುಗಳೂ ಗೀರುತ್ತವೆ. ಪಾತ್ರೆ ತೊಳೆಯುವ ದ್ರವ ಎಣ್ಣೆಜಿಡ್ಡನ್ನು ಕಳೆಯಲೆಂದೇ ತಯಾರಾದುದು. ಕಾರಿನ ಮೇಲಿನ ಮೇಣದ ರಕ್ಷೆಯನ್ನೂ ಅದು ಕಳೆದುಬಿಡುತ್ತದೆ. ಸೀಮೆಎಣ್ಣೆ ಅಥವಾ ಡೀಸೆಲ್ ಹಚ್ಚಿ ಒರೆಸಿದರೆ ಒಂದೆರಡು ದಿನ ಹೊಳಪು ಕಂಡೀತು; ಅಷ್ಟರಲ್ಲಿ ಧೂಳು ಅಂಟಿಕೊಳ್ಳುತ್ತದೆ, ರಬ್ಬರಿನ ಪಟ್ಟಿಗಳು ಹಾಳಾಗುತ್ತವೆ. ಧೂಳಿರುವ ಕಾರಿನ ಮೇಲೆ ಹೊದಿಕೆ ಹಾಕುವುದೂ ತರವಲ್ಲ. ಗಾಳಿಗೆ ಹೊದಿಕೆ ಅಲುಗಾಡಿದಂತೆಲ್ಲ ಅದರಡಿಯ ಧೂಳು ಬಣ್ಣವನ್ನು ತೇಯುತ್ತದೆ. ಸ್ಪಂಜಿನ ಚಪ್ಪಟೆ ಮೈಯಲ್ಲಿ ಮರಳು ಅಡಗಲು ಸ್ಥಳವಿಲ್ಲ. ಅದು ಬಣ್ಣಕ್ಕೂ ಸ್ಪಂಜಿಗೂ ನಡುವೆ ಸಿಕ್ಕಿ ಉರುಳುತ್ತದೆ. ಆದ್ದರಿಂದ ಸ್ಪಂಜೂ ಬೇಡ.

ಬೇಕಾದ ಸಾಮಗ್ರಿಗಳು

ಎರಡು ಬಾಲ್ದಿ, ಕಾರಿಗೆಂದೇ ತಯಾರಾದ ಶಾಂಪೂ, ಉದ್ದನೆಯ ಎಳೆಗಳುಳ್ಳ ಮೈಕ್ರೋಫೈಬರ್ ಕೈಗವಸು ಎರಡು, ಒಣಗಿಸಲು ದಪ್ಪನೆಯ ಮೈಕ್ರೋಫೈಬರ್ ಟವೆಲ್ ಒಂದು, ಸಣ್ಣ ಮೈಕ್ರೋಫೈಬರ್ ಬಟ್ಟೆಗಳು ನಾಲ್ಕಾರು, ಚಕ್ರಗಳಿಗೆ ಬೇರೆಯೇ ಒಂದು ಬ್ರಶ್ಶು ಮತ್ತು ಹಳೆಯ ಬಾಲ್ದಿ. ಮೊದಲ ವರ್ಷಕ್ಕೆ ಇಷ್ಟು ಸಾಕು.

ಮೈಕ್ರೋಫೈಬರ್ ಎಂಬುದು ಪಾಲಿಯೆಸ್ಟರ್ ಮತ್ತು ಪಾಲಿಅಮೈಡ್‌ಗಳ ಅತಿ ಸೂಕ್ಷ್ಮ ಎಳೆಗಳ ಬಟ್ಟೆ. ಧೂಳಿನ ಕಣಗಳನ್ನು ಅದು ತನ್ನ ಎಳೆಗಳ ಒಳಕ್ಕೆ ಎಳೆದುಕೊಳ್ಳುತ್ತದೆ. ಅದನ್ನು ಮನೆಯ ಹತ್ತಿಬಟ್ಟೆಗಳೊಡನೆ ಒಗೆದರೆ ನೂಲಿನ ತುಣುಕುಗಳನ್ನೆಲ್ಲ ಹಿಡಿದುಕೊಳ್ಳುತ್ತದೆ. ಬೇರೆಯಾಗಿಯೇ ಒಗೆದು ನೆರಳಿನಲ್ಲಿ ಒಣಗಿಸಬೇಕು. ಬಟ್ಟೆಯನ್ನು ಮೃದುಗೊಳಿಸುವ ಸುಗಂಧದ್ರವವನ್ನು ಹಾಕಬಾರದು. ಮುಖ್ಯವಾದ ನಿಯಮವೊಂದಿದೆ: ಬಟ್ಟೆ ಕೈಜಾರಿ ನೆಲಕ್ಕೆ ಬಿದ್ದರೆ ಆ ದಿನ ಅದರಿಂದ ಕಾರನ್ನು ಮತ್ತೆ ಮುಟ್ಟಬಾರದು. ಅಂಗಳದ ಒಂದೇ ಒಂದು ಹರಳು ಬಾನೆಟ್ಟಿನ ಉದ್ದಕ್ಕೂ ಗೀರೆಳೆಯಬಲ್ಲದು.

ತೊಳೆಯುವ ಕ್ರಮ

ಕಪ್ಪು ಕಾರು ಬಿಸಿಲಿನಲ್ಲಿ ಕೈಯಿಡಲಾಗದಷ್ಟು ಕಾಯುತ್ತದೆ. ಕಾದ ತಗಡಿನ ಮೇಲೆ ಶಾಂಪೂ ನೀರು ಕ್ಷಣದಲ್ಲಿ ಒಣಗಿ ಕಲೆಯಾಗುವುದರಿಂದ ಮುಂಜಾನೆ ಅಥವಾ ಸಂಜೆ, ನೆರಳಿನಲ್ಲಿ, ಎಂಜಿನ್ ಮತ್ತು ಚಕ್ರಗಳು ತಣಿದ ಮೇಲೆಯೇ ಕೆಲಸಕ್ಕೆ ತೊಡಗಬೇಕು.

ಆರಂಭ ಚಕ್ರಗಳಿಂದ. ಸ್ಪೋರ್ಟ್ಸ್ ಕಾರಿನ ಅಗಲವಾದ ಚಕ್ರಗಳಲ್ಲಿ ಬ್ರೇಕು ಸವೆದು ಉದುರಿದ ಕಪ್ಪು ಪುಡಿ ತುಂಬಿರುತ್ತದೆ. ಅದರಲ್ಲಿ ಕಬ್ಬಿಣದ ಚೂರುಗಳಿರುವುದರಿಂದ ಚಕ್ರಕ್ಕೆ ಬಳಸಿದ ಬ್ರಶ್ಶಾಗಲಿ ನೀರಾಗಲಿ ಕಾರಿನ ಮೈಗೆ ತಾಗಬಾರದು.

ಅನಂತರ ಇಡೀ ಕಾರಿನ ಮೇಲೆ, ಮಾಡಿನಿಂದ ಕೆಳಗಿನವರೆಗೆ, ಮುಟ್ಟದೆಯೇ ನೀರು ಬಿಡಬೇಕು. ಈ ಹಂತದಲ್ಲಿ ಎಷ್ಟು ಮಣ್ಣು ತಾನಾಗಿ ಹರಿದುಹೋಗುವುದೋ ಅಷ್ಟು ಗೀರುಗಳು ತಪ್ಪಿದವೆಂದು ತಿಳಿಯಬಹುದು. ಆಮೇಲೆ ಒಂದು ಬಾಲ್ದಿಯಲ್ಲಿ ಶಾಂಪೂ ನೀರು, ಇನ್ನೊಂದರಲ್ಲಿ ಬರಿಯ ನೀರು ಇಟ್ಟುಕೊಳ್ಳಬೇಕು. ಕೈಗವಸನ್ನು ಶಾಂಪೂ ನೀರಿನಲ್ಲಿ ಅದ್ದಿ ಒಂದು ಭಾಗವನ್ನು ಮಾತ್ರ ತೊಳೆದು, ಬರಿಯ ನೀರಿನ ಬಾಲ್ದಿಯಲ್ಲಿ ಚೆನ್ನಾಗಿ ಅಲುಬಿ, ಬಳಿಕವಷ್ಟೇ ಮತ್ತೆ ಶಾಂಪೂ ನೀರಿಗೆ ಅದ್ದಬೇಕು. ಕಾರಿನಿಂದ ಬಂದ ಮಣ್ಣು ಎರಡನೆಯ ಬಾಲ್ದಿಯ ತಳದಲ್ಲಿ ಉಳಿಯುತ್ತದೆ. ಒಂದೇ ಬಾಲ್ದಿಯಾದರೆ ಅದೇ ಮಣ್ಣು ಮತ್ತೆ ಕಾರಿನ ಮೇಲೇರುತ್ತದೆ.

ಕೈಯ ಭಾರವನ್ನು ಹಾಕದೆ, ಕಾರಿನ ಉದ್ದಕ್ಕೆ ನೇರವಾಗಿ ಕೈಯಾಡಿಸಬೇಕು. ಮಾಡು, ಗಾಜು, ಬಾನೆಟ್, ಬಾಗಿಲುಗಳ ಮೇಲ್ಭಾಗ, ಕೊನೆಗೆ ಕೆಳಭಾಗ, ಇದೇ ಅನುಕ್ರಮ. ತಗ್ಗಾದ ಕಾರಿನ ಬಾಗಿಲಿನಡಿಯ ಪಟ್ಟಿಗೆ ಚಕ್ರಗಳು ಎರಚಿದ ಮರಳು ಹೆಚ್ಚಾಗಿ ಅಂಟಿರುವುದರಿಂದ ಅದಕ್ಕೆ ಎರಡನೆಯ ಕೈಗವಸು.

ಕೊನೆಯಲ್ಲಿ ಪೈಪಿನಿಂದ ರಭಸವಿಲ್ಲದೆ ನೀರು ಹರಿಯಬಿಟ್ಟರೆ ಅದು ಪರದೆಯಂತೆ ಇಳಿದು ಬಹಳಷ್ಟು ಹನಿಗಳನ್ನು ತನ್ನೊಡನೆ ಕೊಂಡೊಯ್ಯುತ್ತದೆ. ಉಳಿದ ನೀರಿನ ಮೇಲೆ ದಪ್ಪ ಟವೆಲನ್ನು ಹಾಸಿ ಮೆಲ್ಲನೆ ಒತ್ತಿ ತೆಗೆಯಬೇಕು, ಉಜ್ಜಬಾರದು. ಕೆಲಸ ಮುಗಿದ ಮೇಲೆ ಕಾರನ್ನು ನಿಧಾನವಾಗಿ ಸ್ವಲ್ಪ ದೂರ ಓಡಿಸಿ, ಬ್ರೇಕನ್ನು ಹಗುರವಾಗಿ ನಾಲ್ಕೈದು ಬಾರಿ ಒತ್ತಿ, ತೇವವನ್ನು ಆರಿಸಿಕೊಳ್ಳುವುದು ಕ್ಷೇಮ.

ನೀರಿನ ವಿಚಾರವೂ ಇದೆ. ನಿಮಿಷಕ್ಕೆ 10 ಲೀಟರ್ ನೀರು ಬರುವ ಪೈಪನ್ನು 20 ನಿಮಿಷ ತೆರೆದಿಟ್ಟರೆ 200 ಲೀಟರ್ ಹರಿದುಹೋಗುತ್ತದೆ. ಎರಡು ಬಾಲ್ದಿಗಳ ಕ್ರಮದಲ್ಲಿ ಪೈಪು ಬೇಕಾಗುವುದು ಮೊದಲಿಗೊಮ್ಮೆ, ಕೊನೆಗೊಮ್ಮೆ. ಬಾವಿಯ ತಳ ಕಾಣುವ ಏಪ್ರಿಲ್, ಮೇ ತಿಂಗಳುಗಳಲ್ಲಿ ಈ ವ್ಯತ್ಯಾಸ ನೆರೆಮನೆಯವರಿಗೂ ತಿಳಿಯುತ್ತದೆ.

ಕಳೆಯುವ ಬಾಟಲಿ, ಕೂಡಿಸುವ ಬಾಟಲಿ

ಹೊಸಬರು ಎಡವುವುದು ಹೆಚ್ಚಾಗಿ ಇಲ್ಲಿ. ಕಾಂಪೌಂಡ್, ಪಾಲಿಶ್, ವ್ಯಾಕ್ಸ್, ಸೀಲೆಂಟ್, ಸೆರಾಮಿಕ್ ಕೋಟಿಂಗ್ ಎಂಬ ಹೆಸರುಗಳೆಲ್ಲ ಹೊಳಪನ್ನೇ ಸೂಚಿಸುವಂತೆ ತೋರುತ್ತವೆ. ಆದರೆ ಇವು ಎರಡು ವಿರುದ್ಧ ಜಾತಿಯವು.

ಕಾಂಪೌಂಡ್ ಮತ್ತು ಪಾಲಿಶ್ ಕಳೆಯುವ ಜಾತಿಯವು. ಅವುಗಳಲ್ಲಿ ಅಲ್ಯುಮಿನಿಯಂ ಆಕ್ಸೈಡಿನಂತಹ ಗಟ್ಟಿ ವಸ್ತುವಿನ ನುಣುಪಾದ ಪುಡಿ ಇರುತ್ತದೆ. ಗೀರಿನ ಸುತ್ತಲಿನ ಕ್ಲಿಯರ್ ಕೋಟನ್ನು ತೇಯ್ದು, ಗೀರಿನ ತಳದ ಮಟ್ಟಕ್ಕೆ ತಂದು, ಅವು ಗೀರನ್ನು ಕಾಣದಂತೆ ಮಾಡುತ್ತವೆ. ಪ್ರತಿ ಬಾರಿಯೂ ಕೆಲವು ಮೈಕ್ರಾನ್ ಹೋಯಿತೆಂದೇ ಲೆಕ್ಕ. ಕಾಂಪೌಂಡ್ ಒರಟು, ಪಾಲಿಶ್ ನಯ. ಹೊಳಪು ಬರುತ್ತದೆಂದು ತಿಂಗಳಿಗೊಮ್ಮೆ ಕಾಂಪೌಂಡ್ ಹಚ್ಚುವವರು ಕಾರಿನ ಆಯುಷ್ಯವನ್ನೇ ಒರೆಸಿ ತೆಗೆಯುತ್ತಿರುತ್ತಾರೆ. ಕ್ಲಿಯರ್ ಕೋಟ್ ತೂತಾದರೆ ಮತ್ತೆ ಬಣ್ಣ ಹೊಡೆಸುವುದೊಂದೇ ದಾರಿ.

ವ್ಯಾಕ್ಸ್, ಸೀಲೆಂಟ್, ಸೆರಾಮಿಕ್ ಕೋಟಿಂಗ್ ಕೂಡಿಸುವ ಜಾತಿಯವು. ಅವು ಗೀರನ್ನು ತೆಗೆಯುವುದಿಲ್ಲ. ಬಣ್ಣದ ಮೇಲೆ ತೆಳುವಾದ ರಕ್ಷೆಯನ್ನು ಹಾಸುತ್ತವೆ. ಹೆಸರಾಂತ ಕಾರ್ನೂಬಾ ಮೇಣ ಬರುವುದು ಬ್ರೆಜಿಲ್ ದೇಶದ ಒಂದು ತಾಳೆಯ ಎಲೆಯಿಂದ. ನಮ್ಮ ತೆಂಗು, ಕಂಗುಗಳ ಕುಲಕ್ಕೇ ಸೇರಿದ ಆ ಮರ ಒಣಹವೆಯಲ್ಲಿ ನೀರು ಆವಿಯಾಗದಂತೆ ತನ್ನ ಎಲೆಗಳಿಗೆ ತಾನೇ ಮೇಣ ಬಳಿದುಕೊಳ್ಳುತ್ತದೆ. ಸಾಮಾನ್ಯ ವ್ಯಾಕ್ಸ್ ಒಂದರಿಂದ ಮೂರು ತಿಂಗಳು ಬಾಳುತ್ತದೆ. ಶುಚಿಯಾದ ಬಾನೆಟ್ಟಿನ ಮೇಲೆ ನೀರು ಗುಂಡನೆಯ ಹನಿಗಳಾಗಿ ನಿಲ್ಲದೆ ಚಪ್ಪಟೆಯಾಗಿ ಹರಡತೊಡಗಿದರೆ ಮತ್ತೆ ಹಚ್ಚುವ ಕಾಲ ಬಂತೆಂದು ತಿಳಿಯಬೇಕು. ಹಚ್ಚುವಾಗ ತೆಳುವಾಗಿರಲಿ, ದಪ್ಪಗೆ ಬಳಿದರೆ ಒರೆಸಲು ಕಷ್ಟವೇ ಹೊರತು ರಕ್ಷೆ ಹೆಚ್ಚುವುದಿಲ್ಲ.

ತೊಳೆಯುವುದನ್ನು ಚೆನ್ನಾಗಿ ಕಲಿತ ಮೇಲೆ ಮಾತ್ರ ಪಾಲಿಶ್ ಮಾಡುವ ಯೋಚನೆ ಮಾಡಬೇಕು. ಇಲ್ಲವಾದರೆ ಈ ವಾರ ತೆಗೆದ ಗೀರು ಮುಂದಿನ ವಾರ ಮರಳಿ ಬರುತ್ತದೆ. ಗೀರಿನ ಮೇಲೆ ಅಡ್ಡಲಾಗಿ ಉಗುರನ್ನು ಎಳೆದು ನೋಡಿ. ಉಗುರು ತಡೆದರೆ ಆ ಗೀರು ಆಳವಾದುದು, ಪಾಲಿಶಿಗೆ ಹೋಗದು. ಅನುಭವಿಗಳಿಗೆ ತೋರಿಸುವುದೇ ಸರಿ. ತಡೆಯದಿದ್ದರೆ ಅತಿ ನಯವಾದ ಪಾಲಿಶನ್ನು, ಕಣ್ಣಿಗೆ ಬೀಳದ ಒಂದು ಗೇಣು ಜಾಗದಲ್ಲಿ ಮೊದಲು ಪರೀಕ್ಷಿಸಿ. ಬಟ್ಟೆ ಕಪ್ಪಾದರೆ ಕೂಡಲೇ ನಿಲ್ಲಿಸಬೇಕು: ಒಂದೋ ಆ ಕಾರಿಗೆ ಕ್ಲಿಯರ್ ಕೋಟ್ ಇಲ್ಲ, ಇಲ್ಲವೇ ಅದು ಸವೆದು ಬಣ್ಣವೇ ಬರುತ್ತಿದೆ. ತೀಕ್ಷ್ಣವಾದ ಅಂಚುಗಳಲ್ಲಿ ಲೇಪ ಬೇಗ ಸವೆಯುವುದರಿಂದ ಅಲ್ಲಿ ಮಾಸ್ಕಿಂಗ್ ಟೇಪ್ ಅಂಟಿಸಿಕೊಳ್ಳಬೇಕು. ಗರಗರ ತಿರುಗುವ ರೋಟರಿ ಯಂತ್ರ ಹೊಸಬರಿಗಲ್ಲ. ಒಂದೇ ಕಡೆ ಕ್ಷಣ ಹೆಚ್ಚು ನಿಂತರೆ ಬಣ್ಣ ಸುಟ್ಟುಹೋಗುತ್ತದೆ.

ಮಿರುಗದ ‘ಮ್ಯಾಟ್’ ಕಪ್ಪು ಬಣ್ಣದ ಕಾರು, ಬೈಕುಗಳಿಗೆ ಪಾಲಿಶನ್ನಾಗಲಿ ಸಾಧಾರಣ ವ್ಯಾಕ್ಸನ್ನಾಗಲಿ ಹಚ್ಚಲೇಬಾರದು. ಉಜ್ಜಿದ ಕಡೆ ಮಾತ್ರ ಹೊಳೆದು ಶಾಶ್ವತವಾದ ತೇಪೆಯಂತೆ ಉಳಿಯುತ್ತದೆ.

ನಮ್ಮೂರಿನ ವಿಶೇಷ ಶತ್ರುಗಳು

ಮಳೆಗಾಲಕ್ಕೆ ಮುನ್ನ ಅಡಿಕೆ ತೋಟಗಳಲ್ಲಿ ಬೋರ್ಡೋ ದ್ರಾವಣ ಸಿಂಪಡಿಸುವ ಕೆಲಸ ಆರಂಭವಾಗುತ್ತದೆ. ಮೈಲುತುತ್ತು ಮತ್ತು ಸುಣ್ಣ ಬೆರೆತ ಆ ದ್ರಾವಣದ ತುಂತುರು ಗಾಳಿಯಲ್ಲಿ ತೇಲಿ ಅಂಗಳದ ಕಾರಿನ ಮೇಲೆ ಬೀಳುತ್ತದೆ. ಕಪ್ಪು ಬಣ್ಣದ ಮೇಲೆ ಅದರ ನೀಲಿಬಿಳಿ ಚುಕ್ಕೆಗಳು ಒಣಗಲು ಬಿಡದೆ, ಹಸಿಯಿರುವಾಗಲೇ ಧಾರಾಳವಾಗಿ ನೀರು ಹೊಯ್ದು ಕಳೆಯಬೇಕು. ಮದ್ದು ಬಿಡುವ ದಿನ ಕಾರನ್ನು ಬೇರೆಡೆ ನಿಲ್ಲಿಸುವುದು ಇನ್ನೂ ಒಳ್ಳೆಯದು.

ಹಲಸು, ಮಾವು, ಗೇರು ಮರಗಳ ನೆರಳು ತಂಪೆಂದು ಅಲ್ಲಿ ಕಾರು ನಿಲ್ಲಿಸುವವರಿಗೆ ಮೇಣ, ಸೊನೆ, ಹಕ್ಕಿಯ ಹಿಕ್ಕೆಗಳ ಕಾಟ ತಪ್ಪದು. ಹಿಕ್ಕೆ ಆಮ್ಲೀಯ. ಬಿಸಿಲಿಗೆ ಕಾದು ಹಿಗ್ಗಿದ ಲೇಪ ಸಂಜೆ ತಣಿದು ಕುಗ್ಗುವಾಗ ಒಣಗಿದ ಹಿಕ್ಕೆಯ ಅಚ್ಚು ಅದರಲ್ಲಿ ಮೂಡಿಬಿಡುತ್ತದೆ. ಹೆಚ್ಚು ಕಾಯುವ ಕಪ್ಪು ಕಾರಿಗೆ ಈ ಅಪಾಯ ಹೆಚ್ಚು. ಒಣಗಿದುದನ್ನು ಕೆರೆಯಬಾರದು, ನೆನೆಸಿದ ಬಟ್ಟೆಯನ್ನು ಐದು ನಿಮಿಷ ಅದರ ಮೇಲಿಟ್ಟು, ಮೆತ್ತಗಾದ ಮೇಲೆ ಮೆಲ್ಲನೆ ಎತ್ತಿ ತೆಗೆಯಬೇಕು.

ಸೊಲ್ಲಾಪುರ, ಆದವಾನಿ ಕಡೆಯ ಬಯಲುಸೀಮೆಯ ಬಂಧುಗಳಿಗೆ ಇನ್ನೊಂದು ತೊಡಕು, ಕೊಳವೆಬಾವಿಯ ಗಡಸು ನೀರು. ಹನಿ ಒಣಗಿದಲ್ಲಿ ಕ್ಯಾಲ್ಸಿಯಂ ಲವಣದ ಬಿಳಿಯ ಉಂಗುರ ಉಳಿಯುತ್ತದೆ. ಒಂದು ಪಾಲು ಬಿಳಿ ವಿನೆಗರಿಗೆ ಒಂದು ಪಾಲು ನೀರು ಬೆರೆಸಿ, ತಣ್ಣಗಿರುವ ಬಣ್ಣದ ಮೇಲೆ ಒಂದು ನಿಮಿಷ ಬಟ್ಟೆಯಿಂದ ತೇವವಾಗಿರಿಸಿ, ಬಳಿಕ ಚೆನ್ನಾಗಿ ತೊಳೆದರೆ ಹೊಸ ಕಲೆಗಳು ಕರಗುತ್ತವೆ. ಆಮ್ಲವೂ ಕಾರ್ಬೊನೇಟೂ ಸೇರಿ ಕಾರ್ಬನ್ ಡೈ ಆಕ್ಸೈಡ್ ಬಿಡುಗಡೆಯಾಗುವ ಪ್ರೌಢಶಾಲೆಯ ಪಾಠವೇ ಇಲ್ಲಿ ಕೆಲಸ ಮಾಡುವುದು. ಮಳೆಗಾಲದಲ್ಲಿ ಶೇಖರಿಸಿದ ಮಳೆನೀರಿನಲ್ಲಿ ಲವಣ ಅತ್ಯಲ್ಪವಾದುದರಿಂದ ಕೊನೆಯ ಬಾರಿ ತೊಳೆಯಲು ಅದು ಬಹು ಯೋಗ್ಯ.

ಮಕ್ಕಳು ಜೊತೆಗಿರುವಾಗ

ರಜಾದಿನ ಕಾರು ತೊಳೆಯಲು ಮಕ್ಕಳು ಉತ್ಸಾಹದಿಂದ ಬರುತ್ತಾರೆ. ಶಾಂಪೂ ಹಚ್ಚುವ, ಬಾಲ್ದಿ ನೋಡಿಕೊಳ್ಳುವ ಕೆಲಸವನ್ನು ಅವರಿಗೆ ಧಾರಾಳವಾಗಿ ಕೊಡಬಹುದು. ಉಂಗುರ, ಕೈಗಡಿಯಾರ, ಬೆಲ್ಟಿನ ಬಕಲ್‌ಗಳನ್ನು ದೊಡ್ಡವರೂ ಸಣ್ಣವರೂ ಮೊದಲೇ ತೆಗೆದಿಡಬೇಕು. ಬಾಗಿಲಿಗೆ ಒರಗಿದ ಬಕಲ್ಲು ಎಳೆದ ಗೀರನ್ನು ಯಾವ ಪಾಲಿಶೂ ಮುಚ್ಚಲಾರದು. ಚಕ್ರ ತೊಳೆಯುವ ರಾಸಾಯನಿಕಗಳಲ್ಲಿ ತೀಕ್ಷ್ಣ ಆಮ್ಲಗಳಿರುವುದುಂಟಾದ್ದರಿಂದ ಅವುಗಳನ್ನು ಮಕ್ಕಳ ಕೈಗೆ ಸಿಗದಂತಿಡಬೇಕು. ವಿದ್ಯುತ್ ಪಾಲಿಶ್ ಯಂತ್ರವನ್ನು ಒದ್ದೆ ನೆಲದಲ್ಲಿ ಚಲಾಯಿಸಕೂಡದು.

ಮಕ್ಕಳಿಗೆ ಇನ್ನೊಂದು ಕೆಲಸವನ್ನೂ ವಹಿಸಬಹುದು. ಮನೆಯಲ್ಲಿರುವ ಬಾಟಲಿಗಳ ಇಂಗ್ಲಿಷ್ ಸೂಚನೆಯನ್ನು ಓದಿಸಿ, ಕಾಗದದ ಚೀಟಿಯ ಮೇಲೆ ದಪ್ಪ ಅಕ್ಷರಗಳಲ್ಲಿ ‘ತೊಳೆಯುವುದು’, ‘ಕಳೆಯುವುದು’, ‘ಕೂಡಿಸುವುದು’ ಎಂದು ಕನ್ನಡದಲ್ಲೇ ಬರೆದು ಆಯಾ ಬಾಟಲಿಗೆ ಅಂಟಿಸಲಿ. ‘ತೊಳೆಯುವುದು’ ವಾರಕ್ಕೊಮ್ಮೆ ಅಥವಾ ಎರಡು ವಾರಕ್ಕೊಮ್ಮೆ ಹೊರಬರಲಿ. ‘ಕೂಡಿಸುವುದು’ ಎರಡು ಮೂರು ತಿಂಗಳಿಗೊಮ್ಮೆ. ‘ಕಳೆಯುವುದು’ ಎಂಬ ಚೀಟಿಯ ಬಾಟಲಿ ಕಪಾಟಿನ ಎಲ್ಲಕ್ಕಿಂತ ಮೇಲಿನ ಹಲಗೆಯಲ್ಲಿರಲಿ. ವರ್ಷಕ್ಕೊಮ್ಮೆ ಇಳಿದರೂ ಅದು ಹೆಚ್ಚೇ.